ಬ್ರೇಕಿಲ್ಲದ ನೌಕೆ: ಸ್ಪೇಸ್‌ಎಕ್ಸ್ ಡಾಕಿಂಗ್ ಸಿಮ್ಯುಲೇಟರ್ ಹೇಗಿದೆ?

ಸ್ಪೇಸ್‌ಎಕ್ಸ್‌ನ ಡಾಕಿಂಗ್ ಸಿಮ್ಯುಲೇಟರ್ 2020ರ ಮೇ ತಿಂಗಳಿನಿಂದ ಬ್ರೌಸರ್‌ನಲ್ಲಿ ಉಚಿತವಾಗಿ ಸಿಗುತ್ತಿದೆ. ಆ ಕಂಪನಿಯ ಡ್ರ್ಯಾಗನ್ ನೌಕೆಯನ್ನು ಕೈಯಾರೆ ನಡೆಸಬೇಕಾಗಿ ಬಂದರೆ ಗಗನಯಾತ್ರಿಗಳು ಯಾವ ನಿಯಂತ್ರಣ ಫಲಕವನ್ನು ಬಳಸುತ್ತಾರೋ ಅದನ್ನೇ ಇಲ್ಲಿ ನಮ್ಮೆದುರು ಇಟ್ಟಿದ್ದಾರೆ. ಸುಮಾರು 200 ಮೀಟರ್ ದೂರದಲ್ಲಿ ಓರೆಯಾಗಿ ನಿಂತ ನೌಕೆಯನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಬೇಕು, ಅಷ್ಟೇ ಕೆಲಸ. ಗುಂಡು ಹಾರಿಸುವುದಿಲ್ಲ, ಅಂಕ ಸೇರುವುದಿಲ್ಲ. ಆಟವೆಂದುಕೊಂಡು ತೆರೆದವರು ಬೇಸತ್ತು ಮುಚ್ಚಬಹುದು. ನನ್ನದು ಕ್ರೇನ್ ನಡೆಸುವ ಉದ್ಯೋಗ. ನನಗೆ ಮುಚ್ಚಲು ಮನಸ್ಸಾಗಲಿಲ್ಲ.

ಕೊಕ್ಕೆಗೆ ನೇತುಹಾಕಿದ ಹೊರೆಯನ್ನು ಇಳಿಸುವ ಜಾಗಕ್ಕೆ ಬಂದ ಮೇಲೆ ನಿಲ್ಲಿಸುತ್ತೇನೆ ಎಂದರೆ ಅದು ತೂಗಿಕೊಂಡು ಮುಂದೆ ಹೋಗಿಬಿಡುತ್ತದೆ. ನಿಲ್ಲಿಸುವ ಕೆಲಸ ತಲುಪುವ ಮೊದಲೇ ಶುರುವಾಗಬೇಕು. ಆದರೂ ಕ್ರೇನಿನಲ್ಲಿ ಲಿವರ್ ಬಿಟ್ಟರೆ ಬ್ರೇಕ್ ಹಿಡಿಯುತ್ತದೆ. ಇಲ್ಲಿ ಹಿಡಿಯಲು ಏನೂ ಇಲ್ಲ. ಬಲಕ್ಕೆ ಒಮ್ಮೆ ತಟ್ಟಿದರೆ ನೌಕೆ ಬಲಕ್ಕೆ ಸರಿಯುತ್ತಲೇ ಇರುತ್ತದೆ. ನಿಲ್ಲಬೇಕೆಂದರೆ ಎಡಕ್ಕೂ ಅಷ್ಟೇ ಸಲ ತಟ್ಟಬೇಕು. ಪಾಠಪುಸ್ತಕದಲ್ಲಿ ಓದಿ ಮರೆತ ಜಡತ್ವದ ನಿಯಮ ಬೆರಳ ತುದಿಗೆ ಬಂದು ಕೂರುತ್ತದೆ.

ಫಲಕದ ವಿನ್ಯಾಸಕ್ಕೆ ನನ್ನ ಪೂರ್ತಿ ಮೆಚ್ಚುಗೆ. ಎಡಗಡೆ ನೌಕೆಯನ್ನು ಸರಿಸುವ ಗುಂಡಿಗಳು, ಬಲಗಡೆ ತಿರುಗಿಸುವ ಗುಂಡಿಗಳು, ನಡುವೆ ಒಂದು ವೃತ್ತ. ನೌಕೆ ಎಷ್ಟು ಉರುಳಿದೆ, ಮೂತಿ ಎಷ್ಟು ಎತ್ತಿದೆ, ಎಷ್ಟು ಪಕ್ಕಕ್ಕೆ ತಿರುಗಿದೆ ಎಂಬ ಲೆಕ್ಕ ಅದರ ಸುತ್ತ ಬರೆದಿರುತ್ತದೆ. ಹಸಿರು ಅಂಕಿ ಇನ್ನೆಷ್ಟು ಸರಿಪಡಿಸಬೇಕು ಎನ್ನುತ್ತದೆ, ನೀಲಿ ಅಂಕಿ ಈಗ ಯಾವ ವೇಗದಲ್ಲಿ ಬದಲಾಗುತ್ತಿದೆ ಎನ್ನುತ್ತದೆ. ನಿಲ್ದಾಣವನ್ನು ಮುಟ್ಟುವ ಹೊತ್ತಿಗೆ ಹಸಿರು ಅಂಕಿಗಳೆಲ್ಲ 0.2ಕ್ಕಿಂತ ಕೆಳಗಿರಬೇಕು. ಹೊಸಬರ ಕಣ್ಣು ಹಸಿರಿನ ಮೇಲೇ ಇರುತ್ತದೆ. ಹೊರೆ ಇಳಿಸಿ ಗೊತ್ತಿದ್ದವರು ನೀಲಿಯನ್ನು ನೋಡುತ್ತಾರೆ. ಮೊದಲು ತಿರುವುಗಳನ್ನೆಲ್ಲ ಸೊನ್ನೆಗೆ ತಂದು, ಆಮೇಲಷ್ಟೇ ಮುಂದೆ ಸರಿಯುವುದು ಲೇಸು. ನೌಕೆ ಓರೆಯಾಗಿರುವಾಗ ‘ಮುಂದೆ’ ಎಂದರೆ ಅದರ ಮೂತಿ ತೋರಿದ ದಿಕ್ಕು. ನಿಲ್ದಾಣ ಬೇರೆಲ್ಲೋ ಇರುತ್ತದೆ.

ಕೀಲಿಮಣೆ ಇದ್ದರೆ ಒಳ್ಳೆಯದು. ಮೊಬೈಲಿನಲ್ಲೂ ನಡೆಯುತ್ತದೆ, ಆದರೆ ನನ್ನಂಥವರ ಹೆಬ್ಬೆರಳಿಗೆ ಆ ಗುಂಡಿಗಳು ಸಣ್ಣವು.

ಇನ್ನು ಟಚ್‌ಸ್ಕ್ರೀನಿನ ಮಾತು. ಲಿವರ್ ಹಿಡಿದು ಬೆಳೆದ ಕೈಗೆ ನುಣುಪು ಗಾಜಿನ ಮೇಲೆ ಭರವಸೆ ಹುಟ್ಟುವುದು ನಿಧಾನ. ಇದೇ ಬದಲಾವಣೆಯನ್ನು ದಾಟಿದ ಒಬ್ಬ ಗಗನಯಾತ್ರಿ ಡಗ್ ಹರ್ಲಿ. 2011ರ ಜುಲೈನಲ್ಲಿ ಹೊರಟ ಕೊನೆಯ ಸ್ಪೇಸ್ ಶಟಲ್ ಯಾನಕ್ಕೆ ಅವರೇ ಪೈಲಟ್. ಶಟಲ್ಲಿನ ಕಾಕ್‌ಪಿಟ್ ತುಂಬ ಸ್ವಿಚ್ಚುಗಳು. ನಿಲ್ದಾಣಕ್ಕೆ ಅದನ್ನು ಕೂಡಿಸುವಾಗ ಕಮಾಂಡರ್ ಹಿಡಿಕೆ ಹಿಡಿದೇ ನಡೆಸಬೇಕಿತ್ತು. 2020ರ ಮೇ 30ರಂದು ಸಹಯಾತ್ರಿ ಬಾಬ್ ಬೆನ್ಕೆನ್ ಜತೆ ಹರ್ಲಿ ಡ್ರ್ಯಾಗನ್‌ನಲ್ಲಿ ಹೊರಟಾಗ ಎದುರಿಗಿದ್ದದ್ದು ಮೂರು ದೊಡ್ಡ ಪರದೆಗಳು, ಕೈಯಲ್ಲಿ ಗಾಜನ್ನು ಮುಟ್ಟಿದರೆ ಕೆಲಸ ಮಾಡುವ ಕೈಗವಸು. ದಾರಿಯಲ್ಲಿ ಅವರು ಪರದೆಯನ್ನು ತಟ್ಟಿ ನೌಕೆಯನ್ನು ಸರಿಸಿ ನೋಡಿದರು, ಆದರೆ ಮರುದಿನದ ಜೋಡಣೆಯನ್ನು ಪೂರೈಸಿದ್ದು ಕಂಪ್ಯೂಟರ್. ನಾವು ಬೆವರಿಳಿಸಿ ಮಾಡುವ ಕೆಲಸ, ನಿಜದ ನೌಕೆಯಲ್ಲಿ ಗಣಕ ಕೈಕೊಟ್ಟರಷ್ಟೇ ಮನುಷ್ಯನ ಪಾಲಿಗೆ ಬರುವಂಥದ್ದು.

ಹಾಗಾದರೆ ಹೊಸ ತಂತ್ರಜ್ಞಾನ ಎಲ್ಲಿದೆ? ನನ್ನ ಪ್ರಕಾರ ಹೊಳೆಯುವ ಗಾಜಿನಲ್ಲಿ ಇರುವುದು ಕಡಿಮೆ, ಆ ಹಸಿರು ಅಂಕಿಗಳ ಹಿಂದೆ ಇರುವುದೇ ಹೆಚ್ಚು. ಲೇಸರ್ ಬೆಳಕು ಬಿಟ್ಟು ದೂರ ಅಳೆಯುವ ಲಿಡಾರ್, ಶಾಖವನ್ನು ಕಾಣುವ ಕ್ಯಾಮೆರಾ, ಇವೆರಡರಿಂದ ಬಂದದ್ದನ್ನು ಕೂಡಿಸಿ ಲೆಕ್ಕ ಹಾಕುವ ಗಣಕ. ಇವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ 1997ರ ಜೂನ್ 25 ಸಾಕ್ಷಿ. ಅಂದು ರಷ್ಯಾದ ಮಿರ್ ನಿಲ್ದಾಣದಲ್ಲಿ ಒಂದು ಪರೀಕ್ಷೆಗಾಗಿ ಸ್ವಯಂಚಾಲಿತ ಜೋಡಣೆಯ ರೇಡಾರನ್ನು ಬದಿಗಿಟ್ಟು, ಸರಕು ನೌಕೆ ಪ್ರೊಗ್ರೆಸ್ ಎಂ-34 ಅನ್ನು ನಿಲ್ದಾಣದ ಕಮಾಂಡರ್ ವಸಿಲಿ ತ್ಸಿಬ್ಲಿಯೆವ್ ದೂರನಿಯಂತ್ರಣದಿಂದ ತರುತ್ತಿದ್ದರು. ನೌಕೆಯ ಕ್ಯಾಮೆರಾ ಕಳಿಸಿದ ಟಿವಿ ಚಿತ್ರದಲ್ಲಿ ಭೂಮಿಯ ಮೋಡಗಳ ಹಿನ್ನೆಲೆಯಲ್ಲಿ ಮಿರ್ ಯಾವುದೆಂದು ಗುರುತಿಸುವುದೇ ಕಷ್ಟವಾಗಿತ್ತು. ದೂರ ಎಷ್ಟು, ವೇಗ ಎಷ್ಟು ಎಂದು ಖಚಿತವಾಗಿ ಹೇಳುವ ಅಂಕಿ ಪರದೆಯಲ್ಲಿ ಇರಲಿಲ್ಲ. ಪ್ರೊಗ್ರೆಸ್ ಹೋಗಿ ಮಿರ್‌ನ ಸ್ಪೆಕ್ಟರ್ ಕೊಠಡಿಗೆ ಬಡಿಯಿತು, ಗಾಳಿ ಸೋರತೊಡಗಿತು, ಒಳಗಿದ್ದವರು ಬಾಗಿಲಿಗೆ ಅಡ್ಡವಾಗಿದ್ದ ಕೇಬಲ್‌ಗಳನ್ನು ಬಿಡಿಸಿ ಕತ್ತರಿಸಿ ಆ ಕೊಠಡಿಯನ್ನೇ ಮುಚ್ಚಿದರು. ಇಲ್ಲಿ ಪುಕ್ಕಟೆಯಾಗಿ ಕಾಣುವ ಎರಡು ಬಣ್ಣದ ಅಂಕಿಗಳಿಗೆ ಅಷ್ಟು ಬೆಲೆ.

ಕೊರತೆಯೆಂದರೆ, ಈ ಸಿಮ್ಯುಲೇಟರ್ ತೀರಾ ಕರುಣಾಳು. ನೀವು ಕಳಿಸಿದ ಆಜ್ಞೆಯನ್ನು ಥ್ರಸ್ಟರ್‌ಗಳು, ಅಂದರೆ ನೌಕೆಯನ್ನು ತಳ್ಳಿ ತಿರುಗಿಸುವ ಸಣ್ಣ ಎಂಜಿನ್‌ಗಳು, ಪ್ರತಿ ಸಲವೂ ಪಾಲಿಸುತ್ತವೆ. ನಿಜದ ಹಾರಾಟದಲ್ಲಿ ಅಂಥ ಖಾತರಿ ಇಲ್ಲ. 2024ರ ಜೂನ್‌ನಲ್ಲಿ ಬೋಯಿಂಗ್‌ನ ಸ್ಟಾರ್‌ಲೈನರ್ ನೌಕೆ ಅಂತರರಾಷ್ಟ್ರೀಯ ನಿಲ್ದಾಣವನ್ನು ಸಮೀಪಿಸುತ್ತಿದ್ದಾಗ ಅದರ 28 ಸಣ್ಣ ಥ್ರಸ್ಟರ್‌ಗಳಲ್ಲಿ 5 ಕೆಲಸ ನಿಲ್ಲಿಸಿದವು. ಕಮಾಂಡರ್ ಬುಚ್ ವಿಲ್ಮೋರ್ ನೌಕೆಯನ್ನು ಕೈಗೆ ತೆಗೆದುಕೊಂಡು ಹಿಡಿದು ನಿಲ್ಲಿಸಬೇಕಾಯಿತು. ಅವುಗಳಲ್ಲಿ 4 ಮತ್ತೆ ಜೀವ ಪಡೆದ ಮೇಲೆ ಜೋಡಣೆ ನಡೆಯಿತು. ಅವರೂ ಜತೆಗಿದ್ದ ಸುನೀತಾ ವಿಲಿಯಮ್ಸ್ ಅವರೂ ಭೂಮಿಗೆ ಮರಳಿದ್ದು 2025ರ ಮಾರ್ಚ್‌ನಲ್ಲಿ, ಅದೂ ಡ್ರ್ಯಾಗನ್‌ನಲ್ಲಿ. ಗಣಕಕ್ಕೆ ಎಲ್ಲವನ್ನೂ ಒಪ್ಪಿಸಿದ ಮೇಲೂ ಪೈಲಟ್‌ಗೆ ತರಬೇತಿ ಏಕೆ ಬೇಕು ಎಂದು ಕೇಳುವವರಿಗೆ ಇನ್ನೊಂದು ಉತ್ತರ ಹುಡುಕಬೇಕಾಗಿಲ್ಲ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಐದನೆಯದನ್ನು ಇನ್ನೆರಡು ಆಯ್ಕೆ ಬಂದ ದಿನಕ್ಕೆ ಉಳಿಸಿಕೊಂಡಿದ್ದೇನೆ: ನಡುದಾರಿಯಲ್ಲಿ ಒಂದು ಥ್ರಸ್ಟರ್ ಸುಮ್ಮನಾಗಬೇಕು, ಮತ್ತು ಬೇಕೆಂದಾಗ ಅಂಕಿಗಳನ್ನೆಲ್ಲ ಮರೆಮಾಡಿ ಬರೀ ಚಿತ್ರ ನೋಡಿಯೇ ನೌಕೆಯನ್ನು ತರುವಂತಿರಬೇಕು.