ಲಿಬ್ರೆಆಫೀಸ್‌ನ ‘ಈಜಿ ಹ್ಯಾಕ್ಸ್’: ಹೊಸಬರಿಗಾಗಿ ಆರಿಸಿಟ್ಟ ಬಗ್‌ಗಳು

ಹೊಸಬರಿಗೆ ಸ್ವಾಗತವಿದೆ ಎಂದು ಬಹುತೇಕ ಎಲ್ಲ ಮುಕ್ತ ತಂತ್ರಾಂಶ ಯೋಜನೆಗಳೂ ಹೇಳುತ್ತವೆ. ಆದರೆ ಬಂದವರು ಮೊದಲು ಯಾವ ಕಡತವನ್ನು ತೆರೆಯಬೇಕೆಂದು ತೋರಿಸುವವರು ವಿರಳ. 2010ರ ಸೆಪ್ಟೆಂಬರ್‌ನಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ, ಬರಹ, ಲೆಕ್ಕಪಟ್ಟಿ ಮುಂತಾದ ಕಚೇರಿ ಕೆಲಸಗಳ ತಂತ್ರಾಂಶವಾದ ಲಿಬ್ರೆಆಫೀಸ್ ತನ್ನ ‘ಈಜಿ ಹ್ಯಾಕ್ಸ್’ ವ್ಯವಸ್ಥೆಯ ಮೂಲಕ ಈ ಕೊರತೆಯನ್ನು ತುಂಬಲು ಶ್ರಮಿಸುತ್ತಿದೆ. ಯೋಜನೆಯ ಬಗ್ (ದೋಷ) ದಾಖಲೆ ತಾಣವಾದ ಬಗ್‌ಜಿಲ್ಲಾದಲ್ಲಿ ಇರುವ ಅಪಾರ ದೋಷಗಳಲ್ಲಿ ಹೊಸಬರ ಕೈಗೆ ಎಟುಕುವಂಥವನ್ನು ಅನುಭವಿಗಳು ಆರಿಸಿ, ಕಷ್ಟದ ಮಟ್ಟವನ್ನೂ ಬೇಕಾದ ಪ್ರೋಗ್ರಾಮಿಂಗ್ ಭಾಷೆಯನ್ನೂ ಗುರುತಿಸಿಟ್ಟಿರುತ್ತಾರೆ.

ಈ ವ್ಯವಸ್ಥೆಯ ನಿಜವಾದ ಬಲವಿರುವುದು ‘ಕೋಡ್ ಪಾಯಿಂಟರ್’ ಎಂಬ ಟಿಪ್ಪಣಿಯಲ್ಲಿ. ದೋಷ ಯಾವ ಕಡತದಲ್ಲಿರಬಹುದು, ಯಾವ ಫಂಕ್ಷನ್ ಅನ್ನು ನೋಡಬೇಕು ಎಂಬುದನ್ನು ಬಲ್ಲವರೊಬ್ಬರು ಬರೆದಿಟ್ಟಿರುತ್ತಾರೆ. ದಶಕಗಳಿಂದ ಬೆಳೆದುಬಂದ ಬೃಹತ್ ಸಿ ಪ್ಲಸ್ ಪ್ಲಸ್ ಕೋಡ್‌ನಲ್ಲಿ ಆ ನಾಲ್ಕು ಸಾಲು ವಿದ್ಯಾರ್ಥಿಯೊಬ್ಬರ ಎಷ್ಟೋ ಸಂಜೆಗಳನ್ನು ಉಳಿಸಬಲ್ಲದು. ಪೂರ್ವಜನಾದ ಸ್ಟಾರ್‌ಆಫೀಸ್ ಜರ್ಮನಿಯಲ್ಲಿ ಹುಟ್ಟಿದ್ದರಿಂದ ಕೋಡ್‌ನ ತುಂಬ ಜರ್ಮನ್ ಟಿಪ್ಪಣಿಗಳಿದ್ದವು, ಅವನ್ನು ಇಂಗ್ಲಿಷಿಗೆ ತರುವುದೂ ಆರಂಭದ ವರ್ಷಗಳಲ್ಲಿ ಹೊಸಬರಿಗೆ ಮೀಸಲಾದ ಕೆಲಸವಾಗಿತ್ತು. ಇಂಥ ಕೆಲಸ ಸಣ್ಣದೆಂದು ನಾನು ಭಾವಿಸುವುದಿಲ್ಲ. ಅದನ್ನು ಮಾಡುತ್ತಲೇ ಕೋಡ್ ಇಳಿಸಿಕೊಂಡು, ಪ್ಯಾಚ್ (ಕೋಡ್‌ನ ತಿದ್ದುಪಡಿ) ಸಿದ್ಧಪಡಿಸಿ, ಅದನ್ನು ಪರಿಶೀಲಿಸುವ ತಾಣವಾದ ಗೆರಿಟ್‌ಗೆ ಕಳುಹಿಸಿ, ಪರಿಶೀಲಕರ ಮಾತಿನಂತೆ ತಿದ್ದುವ ಇಡೀ ಕ್ರಮ ಕೈಗೂಡುತ್ತದೆ.

ಕೊರತೆಗಳೂ ಇವೆ. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಮೊದಲ ಬಿಲ್ಡ್ (ಕೋಡ್‌ನಿಂದ ಓಡಬಲ್ಲ ತಂತ್ರಾಂಶ ತಯಾರಿಸುವ ಕೆಲಸ) ಮುಗಿಯಲು ಗಂಟೆಗಟ್ಟಲೆ ಬೇಕು, ಡಿಸ್ಕ್‌ನಲ್ಲಿ ಸಾಕಷ್ಟು ಜಾಗವೂ ಬೇಕು. ಉತ್ಸಾಹದಿಂದ ಬಂದವರು ಕೈಬಿಡುವ ಸಾಧ್ಯತೆ ಹೆಚ್ಚಿರುವುದು ಇಲ್ಲಿಯೇ. ಕೆಲವು ಬಗ್‌ಗಳು ವರ್ಷಗಳಿಂದ ಪಟ್ಟಿಯಲ್ಲಿದ್ದು, ಅವುಗಳ ಪಾಯಿಂಟರ್ ಹಳತಾಗಿರುತ್ತದೆ. ಆದ್ದರಿಂದ ಬಗ್ ಆರಿಸುವ ಮುನ್ನ ಅದರಡಿಯ ಚರ್ಚೆಯನ್ನೆಲ್ಲ ಓದಿ, ಬೇರೆಯವರು ಅದರ ಮೇಲೆ ಕೆಲಸ ಮಾಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಪ್ರೋಗ್ರಾಮಿಂಗ್ ಬಾರದವರಿಗೂ ಇಲ್ಲಿ ಒಂದು ಬಾಗಿಲಿದೆ, ಕನ್ನಡಿಗರು ಅದನ್ನು ಗಮನಿಸಬೇಕೆಂಬುದು ನನ್ನ ಆಗ್ರಹ. ಹೊಸದಾಗಿ ವರದಿಯಾದ ಬಗ್ ಅನ್ನು ಮತ್ತೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಮರುಕಳಿಸಿ ತೋರಿಸುವವರೆಗೆ ಅದು ‘ದೃಢಪಡದ’ ಸ್ಥಿತಿಯಲ್ಲೇ ಇರುತ್ತದೆ. 2017ರ 5.3 ಆವೃತ್ತಿಯಿಂದ ಅಕ್ಷರ ಜೋಡಣೆಗೆ ವಿಂಡೋಸ್, ಲಿನಕ್ಸ್‌ನಂಥ ಎಲ್ಲ ವೇದಿಕೆಗಳಲ್ಲೂ ಹಾರ್ಫ್‌ಬಝ್ ಎಂಬ ತಂತ್ರಾಂಶ ಬಳಕೆಯಾಗುತ್ತಿದೆ. ಆದರೂ ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂತಿದೆಯೇ, ಪಿಡಿಎಫ್‌ನಿಂದ ನಕಲಿಸಿದ ಪಠ್ಯ ಕೆಟ್ಟಿದೆಯೇ ಎಂದು ಹೇಳಬಲ್ಲವರು ಕನ್ನಡ ಓದುವವರು ಮಾತ್ರ. ಅಂಥ ಬಗ್ ಕಂಡಾಗ ಚಿಕ್ಕ ಮಾದರಿ ಕಡತ, ಬಳಸಿದ ಫಾಂಟ್‌ನ ಹೆಸರು, ಆವೃತ್ತಿಯ ವಿವರ, ತಪ್ಪಾದ ಮತ್ತು ಸರಿಯಾದ ರೂಪಗಳ ಚಿತ್ರ, ಇಷ್ಟನ್ನು ಲಗತ್ತಿಸಿದರೆ ಕನ್ನಡವನ್ನೇ ಅರಿಯದ ಡೆವಲಪರ್ ಕೂಡ ಅದನ್ನು ಕೈಗೆತ್ತಿಕೊಳ್ಳಲು ಸಾಧ್ಯವಾಗುತ್ತದೆ.