ಭತ್ತದ ಕೂಳೆಯಲ್ಲಿ ಮೂರು ಓಟ್ಸ್ ತಳಿ: ಕೆಂಟ್, ಓಎಸ್-6 ಮತ್ತು ಜೆಎಚ್‌ಒ-822

ಭತ್ತ ಕೊಯ್ದ ಗದ್ದೆಯ ತೇವ ಆರುವ ಮೊದಲು ಹಸಿರು ಮೇವಿಗಾಗಿ ಏನು ಬಿತ್ತಬೇಕೆಂಬುದು ತೀರ್ಥಹಳ್ಳಿ, ಹೊಸನಗರದ ಕಡೆ ಹಾಲಿನ ಹಸು ಸಾಕಿದವರೆಲ್ಲರ ಚಿಂತೆ. ಕುದುರೆಮಸಾಲೆ ಎಂಬ ಮೇವಿನ ಬೆಳೆ ನಮ್ಮ ಹುಳಿಮಣ್ಣಿಗೆ ಒಗ್ಗುವುದಿಲ್ಲ. ಓಟ್ಸ್ ಆ ಹುಳಿಯನ್ನು ಗೋಧಿ, ಬಾರ್ಲಿಗಳಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಆದ್ದರಿಂದ ಎರಡು ಚಳಿಗಾಲ ಈ ಮೂರು ತಳಿಗಳನ್ನು ಅಕ್ಕಪಕ್ಕದಲ್ಲಿ ಬೆಳೆದು ನೋಡಿದೆ.

ಕೆಂಟ್ ಹಳೆಯ ತಳಿ. ದೇಶದ ಹಲವು ಕೇಂದ್ರಗಳು ಒಟ್ಟಾಗಿ ನಡೆಸುವ ಸಮನ್ವಯ ಮೇವು ಪ್ರಯೋಗಗಳಲ್ಲಿ ಹೊಸ ತಳಿಗಳನ್ನು ಬಹುಕಾಲದಿಂದ ಇದರೊಡನೆ ಹೋಲಿಸಿ ಅಳೆಯುತ್ತಾರೆ. ಓಎಸ್-6 ಹರಿಯಾಣದ ಹಿಸ್ಸಾರಿನದು, ಒಂದೇ ಕೊಯ್ಲಿಗೆ ಹೇಳಿದ್ದು. ಜೆಎಚ್‌ಒ-822 ಝಾನ್ಸಿಯ ಮೇವು ಸಂಶೋಧನಾ ಸಂಸ್ಥೆಯ ತಳಿ. ಕೊಯ್ದ ಮೇಲೆ ಮತ್ತೆ ಚಿಗುರುವುದೇ ಅದರ ಹೆಚ್ಚುಗಾರಿಕೆ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಲೇಬೇಕು. ಮೇಲಿನ ಮಕ್ಕಿ ಗದ್ದೆಗೆ ಕೆಂಟ್, ನಡುವಿನದಕ್ಕೆ ಓಎಸ್-6, ಕೆಳಗಿನ ಬೈಲು ಗದ್ದೆಗೆ ಜೆಎಚ್‌ಒ-822 ಹಾಕಿ, ಕೆಳಗಿನದು ಹುಲುಸಾಗಿ ಬಂದುದನ್ನು ಕಂಡು ಅದೇ ಉತ್ತಮ ತಳಿಯೆಂದು ಊರಿಗೆಲ್ಲ ಹೇಳಿದೆ. ಆದರೆ ಬೈಲಿನಲ್ಲಿ ಜನವರಿಯವರೆಗೂ ತೇವ ನಿಲ್ಲುತ್ತದೆ, ಮಕ್ಕಿಯ ಮಣ್ಣು ಡಿಸೆಂಬರಿನಲ್ಲೇ ಬಿರಿಯುತ್ತದೆ. ಹೀಗಿರುವಾಗ ನಾನು ಅಳೆದದ್ದು ತಳಿಯನ್ನಲ್ಲ, ಗದ್ದೆಯ ನೀರನ್ನು. ಸಂಶೋಧನಾ ಕೇಂದ್ರಗಳು ಪ್ರತಿ ತಳಿಯನ್ನೂ ಹಲವು ಪಟ್ಟಿಗಳಲ್ಲಿ, ಸ್ಥಳವನ್ನು ಚೀಟಿ ಎತ್ತಿದಂತೆ ಬದಲಿಸಿ ಬಿತ್ತುವುದು ಇದೇ ಕಾರಣಕ್ಕೆ. ಎರಡನೆಯ ವರ್ಷ ಮೂರು ಗದ್ದೆಗಳಲ್ಲೂ ಮೂರೂ ತಳಿಯ ಪಟ್ಟಿಗಳನ್ನು ಹಾಕಿದೆ. ಎಕರೆಗೆ 40 ಕೆ.ಜಿ. ಲೆಕ್ಕದಲ್ಲಿ ಬೀಜ, ಸಾಲಿನಿಂದ ಸಾಲಿಗೆ ಒಂದು ಗೇಣಿಗಿಂತ ತುಸು ಹೆಚ್ಚು ಅಂತರ. ಗೊಬ್ಬರವೂ ಎಲ್ಲಕ್ಕೂ ಒಂದೇ.

ಹೀಗೆ ಹಾಕಿದ ಮೇಲೆ ಮೊದಲ ಕೊಯ್ಲಿನಲ್ಲಿ ಮೂರರ ನಡುವೆ ನಾನು ನೆನೆಸಿದಷ್ಟು ವ್ಯತ್ಯಾಸ ಕಾಣಲಿಲ್ಲ. ಕೆಂಟ್ ನೆಟ್ಟಗೆ ನಿಂತಿತ್ತು, ಇಬ್ಬನಿಯ ಭಾರಕ್ಕೂ ಒರಗಲಿಲ್ಲ. ಓಎಸ್-6 ಎತ್ತರ ಬೆಳೆದು, ಬೈಲಿನ ಪಟ್ಟಿಯಲ್ಲಿ ಒಂದು ಕಡೆ ಮಲಗಿತು. ಹೊರೆಯ ತೂಕ ನೋಡಿ ಮಾತ್ರ ಯಾರೂ ನಿರ್ಧರಿಸಬಾರದು, ಏಕೆಂದರೆ ಎಳೆಯ ಓಟ್ಸಿನ ತೂಕದಲ್ಲಿ ಬಹುಪಾಲು ನೀರೇ. ಪ್ರತಿ ಪಟ್ಟಿಯಿಂದ ಒಂದೊಂದು ಕೆ.ಜಿ. ಕತ್ತರಿಸಿ, ಅಡಿಕೆ ಒಣಗಿಸುವ ಅಂಗಳದಲ್ಲಿ ಹರಡಿ, ಗಲಗಲ ಸದ್ದು ಬರುವವರೆಗೆ ಒಣಗಿಸಿ ಮತ್ತೆ ತೂಗಿದಾಗ ಬೈಲಿನ ಮೇವು ಮಕ್ಕಿಯ ಮೇವಿಗಿಂತ ಹಗುರವಾಗಿಯೇ ಉಳಿಯಿತು. ಹಸುವಿನ ಹೊಟ್ಟೆ ತುಂಬುವುದು ಈ ಒಣ ತೂಕದಿಂದ.

ತಳಿಗಳು ನಿಜವಾಗಿ ಬೇರೆಯಾದದ್ದು ಎರಡನೆಯ ಕೊಯ್ಲಿನಲ್ಲಿ. ಬಿತ್ತಿದ 50–55 ದಿನಕ್ಕೆ ಮೊದಲ ಕೊಯ್ಲು, ನೆಲದಿಂದ ನಾಲ್ಕು ಬೆರಳು ಬಿಟ್ಟು. ಹೀಗೆ ಬಿಟ್ಟ ಕೂಳೆಯಲ್ಲಿ ಜೆಎಚ್‌ಒ-822 ವಾರದೊಳಗೆ ಗುಪ್ಪೆಯಾಗಿ ಚಿಗುರಿತು. ಓಎಸ್-6 ಅಲ್ಲೊಂದು ಇಲ್ಲೊಂದು ಕಡ್ಡಿ ಎತ್ತಿತು. ಕೆಲಸಕ್ಕೆ ಬಂದವರು ಒಂದು ಮೂಲೆಯನ್ನು ನೆಲಕ್ಕೆ ತಾಗಿಸಿ ಕೊಯ್ದಿದ್ದರು; ಅಲ್ಲಿ ಜೆಎಚ್‌ಒ-822 ಕೂಡ ಏಳಲಿಲ್ಲ.

ಆದರೂ ಜೆಎಚ್‌ಒ-822 ಎಲ್ಲರಿಗೂ ಸರಿ ಎಂದು ಹೇಳಲಾರೆ. ನವೆಂಬರ್ ನಡುವಿನೊಳಗೆ ಬಿತ್ತಿದರೆ ಎರಡನೆಯ ಕೊಯ್ಲು ಫೆಬ್ರುವರಿ ಕೊನೆಗೆ ಸಿಗುತ್ತದೆ. ಭತ್ತ ತಡವಾಗಿ ಕೊಯ್ದು ಡಿಸೆಂಬರ್ ನಡುವಿನಲ್ಲಿ ಬಿತ್ತುವವರಿಗೆ ಅದು ಮಾರ್ಚ್ ಕೊನೆಗೆ ಹೋಗುತ್ತದೆ. ಆ ಬಿಸಿಲಿಗೆ ತಂಪು ಬಯಸುವ ಓಟ್ಸ್ ನಿಲ್ಲುವುದಿಲ್ಲ, ನೀರು ಹಾಯಿಸಿದರೂ ಕಡ್ಡಿಯಾಗುತ್ತದೆ. ಅಂಥವರು ಕೆಂಟ್ ಬಿತ್ತಿ, ಅರ್ಧದಷ್ಟು ಹೂ ಬಂದಾಗ ಒಂದೇ ಸಲ ಕೊಯ್ದುಕೊಳ್ಳುವುದು ಮೇಲು.

ಬೀಜದ ಬಗ್ಗೆ ನನಗೆ ದೂರಿದೆ. ಜೆಎಚ್‌ಒ-822 ಎಂದು ಒಂದು ಅಂಗಡಿಯವರು ಕೊಟ್ಟ ಚೀಲದಿಂದ 100 ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಮೊಳೆತದ್ದು 61. ಪ್ರಮಾಣಿತ ಓಟ್ಸ್ ಬೀಜ ಕನಿಷ್ಠ 85 ಮೊಳೆಯಬೇಕು. ಆ ಚೀಲಕ್ಕೆ ಪ್ರಮಾಣಿತ ಬೀಜದ ನೀಲಿ ಚೀಟಿ ಇರಲಿಲ್ಲ. ನಾನು ಅದನ್ನು ನೋಡಿಯೇ ಕೊಳ್ಳಬೇಕಿತ್ತು. ಬೇರೆ ಬೀಜ ತರಿಸಿ ಬಿತ್ತುವ ಹೊತ್ತಿಗೆ ಹತ್ತು ದಿನ ಹೋಯಿತು.

ಮುಂದಿನ ಚಳಿಗಾಲಕ್ಕೆ ಓಎಸ್-6 ಕೈಬಿಡುತ್ತೇನೆ. ಭತ್ತ ಬೇಗ ಕೊಯ್ಲಾಗುವ ಎರಡು ಗದ್ದೆಗೆ ಜೆಎಚ್‌ಒ-822, ಕೊನೆಯಲ್ಲಿ ಕೊಯ್ಯುವ ಬೈಲಿಗೆ ಕೆಂಟ್ ಬಿತ್ತುವುದೆಂದು ನಿಶ್ಚಯಿಸಿದ್ದೇನೆ.