ಸೌರ ಮಿನುಗು ದೀಪ: ಸಾಧನ ಉತ್ತಮ, ಪ್ರಚಾರ ಆಕ್ಷೇಪಾರ್ಹ

ಪಾದಚಾರಿಗಳು ರಸ್ತೆ ದಾಟುವಲ್ಲಿ ನೆಡಲು ಅಮೆರಿಕದ ತಯಾರಕರೊಬ್ಬರು ರೂಪಿಸಿರುವ ಈ ದೀಪ ಸುಡುಬಿಸಿಲಿನಲ್ಲೂ ದೂರದಿಂದಲೇ ಎದ್ದು ಕಾಣುತ್ತದೆ. ಆಕ್ಷೇಪವಿರುವುದು ಅದರ ಪ್ರಚಾರದ ಬಗ್ಗೆ. ಪರಿಚಯಪತ್ರದ ಮುಖಪುಟದಲ್ಲಿ ‘ಫೆಡರಲ್ ಹೆದ್ದಾರಿ ಆಡಳಿತದಿಂದ ಅನುಮೋದಿತ’ ಎಂದು ದಪ್ಪಕ್ಷರಗಳಲ್ಲಿ ಮುದ್ರಿಸಿದ್ದಾರೆ. ಆದರೆ ಅಮೆರಿಕದ ಆ ಸರ್ಕಾರಿ ಸಂಸ್ಥೆಯು ಸಂಚಾರ ಸಾಧನಗಳಿಗೆ ಏಕರೂಪದ ಮಾನದಂಡಗಳನ್ನು ನಿಗದಿಪಡಿಸುತ್ತದೆಯೇ ಹೊರತು ಯಾವುದೇ ಕಂಪನಿಯ ನಿರ್ದಿಷ್ಟ ಉತ್ಪನ್ನವನ್ನು ಅನುಮೋದಿಸುವುದಿಲ್ಲವಾದ್ದರಿಂದ, ‘ಮಾನದಂಡಕ್ಕೆ ಅನುಗುಣವಾಗಿದೆ’ ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಆ ಮಾನದಂಡಗಳನ್ನೊಳಗೊಂಡ ಎಂಯುಟಿಸಿಡಿ (ಏಕರೂಪ ಸಂಚಾರ ನಿಯಂತ್ರಣ ಸಾಧನಗಳ) ಕೈಪಿಡಿಯ, 2023ರ ಡಿಸೆಂಬರ್‌ನಲ್ಲಿ ಪ್ರಕಟವಾದ 11ನೇ ಆವೃತ್ತಿಯು ಸಾಧನದ ಮೇಲಾಗಲಿ, ಅದನ್ನು ಹೊತ್ತ ಕಂಬದ ಮೇಲಾಗಲಿ ಜಾಹೀರಾತು ಇರಕೂಡದೆನ್ನುತ್ತದೆ. ಹೀಗಿದ್ದೂ ಕಂಬದ ಮುಂಭಾಗಕ್ಕೆ, ಚಾಲಕರ ಕಣ್ಣಿಗೆ ಬೀಳುವಂತೆಯೇ, ಕಂಪನಿಯ ಹೆಸರೂ ದೂರವಾಣಿ ಸಂಖ್ಯೆಯೂ ಇರುವ ಹೊಳೆಯುವ ಪಟ್ಟಿಯನ್ನು ಅಂಟಿಸಿದ್ದಾರೆ (ಮಾರಾಟ ವಿಭಾಗದ ಅತ್ಯುತ್ಸಾಹವಿರಬೇಕು). ಖರೀದಿಸುವ ನಗರಾಡಳಿತಗಳು ಅದನ್ನು ತೆಗೆಸಿಯೇ ಸಾಧನವನ್ನು ಸ್ವೀಕರಿಸುವುದು ಒಳಿತು.